ಹೋಂಸ್ಟೇ ಬುಕಿಂಗ್ ಸೈಟಿಗೆ ಫ್ರೇಮ್‌ವರ್ಕ್ ಬೇಕಾ, ಬೇಡ್ವಾ?

ಪ್ರಶ್ನೆ: ಹಾಸನದಲ್ಲಿ ಬಿಇ ಮುಗಿಸಿದ್ದೇನೆ. ಮೂಡಿಗೆರೆ ಕಡೆಯ ಹೋಂಸ್ಟೇ ಒಂದಕ್ಕೆ ರೂಮ್ ಬುಕಿಂಗ್ ಸೈಟ್ ಮಾಡಿಕೊಡಬೇಕು. ವೆಬ್‌ಸೈಟ್ ಬರೆಯುವ ಭಾಷೆ ಪಿಎಚ್‌ಪಿ ಬರುತ್ತದೆ. ಅದರ ಫ್ರೇಮ್‌ವರ್ಕ್ (ಸಾಮಾನ್ಯ ಕೆಲಸಗಳಿಗೆ ಮೊದಲೇ ಬರೆದಿಟ್ಟ ಕೋಡಿನ ಚೌಕಟ್ಟು) ಲಾರಾವೆಲ್ ಕಲಿತು ಮಾಡಲಾ, ಬರೀ ಪಿಎಚ್‌ಪಿಯಲ್ಲೇ ಮುಗಿಸಲಾ? ಮಾಡಿದವರು ಹೇಳಿ.

ಚಿಕ್ಕಮಗಳೂರಿನಿಂದ: ಮೊದಲು ಓನರ್‌ಗೆ ಏನು ಬೇಕು ಅಂತ ಕೇಳಿ. ನಾಲ್ಕು ಫೋಟೊ, ರೇಟು, ವಾಟ್ಸ್‌ಆ್ಯಪ್ ನಂಬರ್ ಸಾಕು ಅಂದರೆ ಪಿಎಚ್‌ಪಿಯೂ ಬೇಡ. ಲಾಗಿನ್, ಫಾರ್ಮು, ದುಡ್ಡು ಅಂತ ಬಂದರೆ ಲಾರಾವೆಲ್ ಕಲಿಯಿರಿ. ಕಾಫಿ ಕ್ಯೂರಿಂಗ್‌ನವರಿಗೆ ಸ್ಟಾಕ್ ಲೆಕ್ಕದ ಆ್ಯಪ್ ನಾನು ಬರೀ ಪಿಎಚ್‌ಪಿಯಲ್ಲೇ ಬರೆದಿದ್ದೇನೆ, ಇವತ್ತಿಗೂ ಓಡುತ್ತಿದೆ. ಆದರೆ ಈಗ ಅದನ್ನು ನೋಡಿಕೊಳ್ಳುವ ಹುಡುಗ ಯಾವ ಫೈಲಿನಲ್ಲಿ ಏನಿದೆ ಅಂತ ನನಗೇ ಫೋನ್ ಮಾಡುತ್ತಾನೆ. ಲಾರಾವೆಲ್ ಆಗಿದ್ದರೆ ರೂಟ್ (ಯಾವ ವಿಳಾಸಕ್ಕೆ ಯಾವ ಕೋಡ್ ಅನ್ನುವ ಪಟ್ಟಿ) ಎಲ್ಲಿ, ಮಾಡೆಲ್ (ಡೇಟಾ ನೋಡಿಕೊಳ್ಳುವ ಕೋಡ್) ಎಲ್ಲಿ ಅಂತ ಅವನಿಗೇ ಗೊತ್ತಿರುತ್ತಿತ್ತು. ಸೆಕ್ಯುರಿಟಿಯೂ ಅಷ್ಟೇ. ಬರೀ ಪಿಎಚ್‌ಪಿಯಲ್ಲಿ ಪ್ರತಿ ಫಾರ್ಮಿಗೂ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮು ನಮ್ಮ ಸೈಟಿನಿಂದಲೇ ಬಂತು ಅಂತ ತೋರಿಸುವ ಗುಟ್ಟಿನ ಗುರುತು) ನೀವೇ ನೆನಪಿಟ್ಟು ಹಾಕಬೇಕು, ಪೇಜಿನಲ್ಲಿ ತೋರಿಸುವ ಪ್ರತಿ ಹೆಸರನ್ನೂ ಎಸ್ಕೇಪ್ ಮಾಡಬೇಕು (ಅದರಲ್ಲಿ ಕೋಡ್ ಇದ್ದರೂ ಓಡದೆ ಬರೀ ಅಕ್ಷರವಾಗಿ ಕಾಣುವಂತೆ), ಒಂದು ಕಡೆ ಮರೆತರೂ ಅಲ್ಲಿಂದಲೇ ನುಗ್ಗುತ್ತಾರೆ. ಲಾರಾವೆಲ್‌ನಲ್ಲಿ ಟೋಕನ್ ಇಲ್ಲದ ಫಾರ್ಮನ್ನು ಅದೇ ತಡೆದು 419 ಎರರ್ ಕೊಡುತ್ತದೆ.

ಸಕಲೇಶಪುರದಿಂದ: ಮೇಲಿನವರು ಹೇಳಿದ್ದು ಸರಿ, ಆದರೆ ಫ್ರೇಮ್‌ವರ್ಕ್ ಹಾಕಿದ ಮಾತ್ರಕ್ಕೆ ಡಬಲ್ ಬುಕಿಂಗ್ ನಿಲ್ಲುವುದಿಲ್ಲ. ವೀಕೆಂಡಿಗೆ ಎತ್ತಿನಭುಜ ಬೆಟ್ಟ ನೋಡಲು ಹೊರಟ ಬೆಂಗಳೂರಿನ ಎರಡು ಗುಂಪು ಒಂದೇ ರೂಮಿಗೆ ಒಟ್ಟಿಗೇ ಬಟನ್ ಒತ್ತಿದರೆ ಇಬ್ಬರಿಗೂ ಖಾಲಿ ಇದೆ ಅಂತಲೇ ತೋರಿಸಿರುತ್ತದೆ. ಬುಕಿಂಗ್‌ನ ಒಂದೊಂದು ರಾತ್ರಿಗೂ ಡೇಟಾಬೇಸಿನಲ್ಲಿ ಒಂದೊಂದು ರೋ (ಸಾಲು) ಇಡಿ. ರೂಮ್ ನಂಬರ್, ತಾರೀಕು ಎರಡನ್ನೂ ಸೇರಿಸಿ ಯೂನಿಕ್ ಕೀ (ಅದೇ ಜೋಡಿ ಎರಡನೇ ಸಲ ಬರಬಾರದು ಅನ್ನುವ ನಿಯಮ) ಹಾಕಿ. ಎರಡನೆಯ ಬುಕಿಂಗನ್ನು ಡೇಟಾಬೇಸೇ ತಳ್ಳಿಬಿಡುತ್ತದೆ. ಇಷ್ಟು ಗೊತ್ತಿಲ್ಲದೆ ಯಾವ ಫ್ರೇಮ್‌ವರ್ಕ್ ಕಲಿತರೂ ಸುಮ್ನೆ.

ಹಾಸನದಿಂದ: ಪೈತಾನ್ ಭಾಷೆ ಬಂದರೆ ಅದರ ಫ್ರೇಮ್‌ವರ್ಕ್ ಜ್ಯಾಂಗೊ ಕೂಡ ನೋಡಿ. ಓನರ್ ಬುಕಿಂಗ್ ನೋಡುವ ಅಡ್ಮಿನ್ ಪೇಜ್ ಅದರ ಜೊತೆಗೇ ಬರುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಮಾತ್ರ ಪಿಎಚ್‌ಪಿ ಓಡಿಸುವುದೇ ಸುಲಭ.

ಮತ್ತೆ ಚಿಕ್ಕಮಗಳೂರಿನಿಂದ: ರಿಯಾಕ್ಟ್ (ಪೇಜನ್ನು ಬ್ರೌಸರಿನಲ್ಲೇ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಅಂತ ಹೋಗಬೇಡಿ, ಇಷ್ಟು ಸಣ್ಣ ಸೈಟಿಗೆ ಅದು ಜಾಸ್ತಿಯಾಯಿತು, ಡೌನ್‌ಲೋಡ್ ಆಗಬೇಕಾದ ಕೋಡೂ ಹೆಚ್ಚು. ತೋಟದ ಮನೆಗಳಲ್ಲಿ ಸಿಗ್ನಲ್ ಹೇಗಿರುತ್ತದೆ ಅಂತ ಗೊತ್ತಲ್ವಾ, ಓನರ್ ಸೈಟ್ ತೆರೆಯುವುದು ಅಲ್ಲಿಂದಲೇ. ಇನ್ನೊಂದು, ಫ್ರೇಮ್‌ವರ್ಕ್‌ಗಳಿಗೂ ಆಯಸ್ಸಿದೆ. 2010ರಲ್ಲಿ ಬಂದ ಆ್ಯಂಗ್ಯುಲರ್‌ಜೆಎಸ್ ಅನ್ನುವ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗೆ 2021ರ ಕೊನೆಗೆ ಗೂಗಲ್ ಸಪೋರ್ಟ್ ನಿಲ್ಲಿಸಿತು. ಲಾರಾವೆಲ್‌ನ ಒಂದೊಂದು ವರ್ಷನ್‌ಗೂ ಸೆಕ್ಯುರಿಟಿ ಫಿಕ್ಸ್ ಸಿಗುವುದು 2 ವರ್ಷ ಮಾತ್ರ. ಆಮೇಲೆ ಅಪ್‌ಡೇಟ್ ಮಾಡುವವರು ಯಾರು, ಅದಕ್ಕೆ ವರ್ಷಕ್ಕೆ ಎಷ್ಟು ಕೊಡುತ್ತಾರೆ ಅಂತ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಮಾತಾಡಿಕೊಳ್ಳಿ.