ವೆಲ್ಡಿಂಗ್, ಬ್ರೇಜಿಂಗ್, ಸೋಲ್ಡರಿಂಗ್: ಎಲ್ಲಕ್ಕೂ ‘ಬೆಸುಗೆ’ ಸಾಕೇ?

ಗೆಳೆಯರೇ,

ತೆಳು ಅಲ್ಯೂಮಿನಿಯಂ ತಗಡನ್ನು ಅಲ್ಯೂಮಿನಿಯಂ ಸೆಕ್ಷನ್‌ಗೆ (ಅಚ್ಚಿನ ಮೂಲಕ ಒತ್ತಿ ತೆಗೆದ ಉದ್ದನೆಯ ತುಂಡು) ಕೂಡಿಸಲು ಯಾವ ವಿಧಾನ ಆರಿಸಬೇಕು ಅಂತ, ಕೆಲಸ ಕಲಿಯುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಬೆಸುಗೆ’. ವೆಲ್ಡಿಂಗ್, ಬ್ರೇಜಿಂಗ್, ಸೋಲ್ಡರಿಂಗ್ ಮೂರಕ್ಕೂ ಅದನ್ನೇ ಬಳಸುತ್ತೇವೆ, ಅಲ್ವಾ? ಮಾತಿನಲ್ಲಿ ಇದು ನಡೆಯುತ್ತದೆ. ಆದರೆ ವಿಧಾನ ಆರಿಸುವಾಗ ಮೊದಲು ಕೇಳಬೇಕಾದ್ದೇ ‘ತಗಡು ಕರಗಬೇಕೋ ಬೇಡವೋ’ ಅಂತ. ವೆಲ್ಡಿಂಗ್‌ನಲ್ಲಿ ತಗಡು, ಸೆಕ್ಷನ್ ಎರಡರ ಅಂಚೂ ಕರಗಿ ಒಂದಾಗುತ್ತದೆ. ಬ್ರೇಜಿಂಗ್‌ನಲ್ಲಿ ಸಂದಿ ತುಂಬಲು ಬಳಸುವ ಲೋಹದ ಕಡ್ಡಿ ಮಾತ್ರ ಕರಗಿ ಒಳಗೆ ಹರಿಯುತ್ತದೆ. ಕಡ್ಡಿ 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕರಗುವಂಥದ್ದಾದರೆ ಅದು ಸೋಲ್ಡರಿಂಗ್.

ಅಲ್ಯೂಮಿನಿಯಂನಲ್ಲಿ ಈ ವ್ಯತ್ಯಾಸ ತಿಳಿದಿರಲೇಬೇಕು. ಶೇ. 12ರಷ್ಟು ಸಿಲಿಕಾನ್ ಇರುವ ಬ್ರೇಜಿಂಗ್ ಕಡ್ಡಿ ಸುಮಾರು 580 ಡಿಗ್ರಿಗೆ ಕರಗುತ್ತದೆ. 6063 ಅನ್ನುವ ಮಿಶ್ರಲೋಹದ ಸೆಕ್ಷನ್ 615ರ ಸುಮಾರಿಗೆ ತಾನೇ ಕರಗಲು ಶುರುವಾಗುತ್ತದೆ. ನಡುವೆ ಉಳಿಯುವುದು ಬರೀ 35 ಡಿಗ್ರಿ. ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸುವ ಗುಣವೂ ಇದಕ್ಕಿಲ್ಲ. ಬಣ್ಣ ಬದಲಾಗದೆ, ಮೇಲ್ಮೈ ಒಮ್ಮೆ ಹೊಳೆದು, ಅಂಚು ಹಾಗೇ ಕುಸಿದುಬಿಡುತ್ತದೆ. ಇಂಥ ಕಡೆ ಸುಮ್ನೆ ‘ಬೆಸುಗೆ ಹಾಕಿ’ ಅಂತ ಬರೆದರೆ ಓದುವವರು ಏನು ಮಾಡಬೇಕು?

ವೆಲ್ಡಿಂಗನ್ನು ‘ಕರಗುಬೆಸುಗೆ’ ಅನ್ನೋಣ ಅಂದುಕೊಂಡೆ. ಅದಕ್ಕೆ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಅಡ್ಡ ಬರುತ್ತದೆ. ಬ್ರಿಟನ್ನಿನ ಟಿಡಬ್ಲ್ಯುಐ ಅನ್ನುವ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ 1991ರಲ್ಲಿ ಹುಟ್ಟಿದ ವಿಧಾನ ಇದು. ತಿರುಗುವ ಮೊಳೆಯಂಥ ಉಪಕರಣ ಲೋಹವನ್ನು ಉಜ್ಜಿ ಮೆತ್ತಗಾಗಿಸಿ ಕಲಸುತ್ತದೆ. ಲೋಹ ಕರಗುವುದೇ ಇಲ್ಲ, ಆದರೂ ಅದು ವೆಲ್ಡಿಂಗೇ. ಇದಕ್ಕೆ ‘ಕಲಸುಬೆಸುಗೆ’ ಚೆನ್ನಾಗಿ ಒಪ್ಪುತ್ತದೆ ಅನ್ನಿಸುತ್ತದೆ. ಹಾಗಾದರೆ ‘ಬೆಸುಗೆ’ಯನ್ನು ವೆಲ್ಡಿಂಗಿಗೆ ಬಿಟ್ಟು, ಬ್ರೇಜಿಂಗಿಗೆ ಬೇರೆಯೇ ಪದ ಹುಡುಕುವುದು ಸರಿಯೇ?

ಎರಡನೆಯದು ‘ಬಿಸಿ’. ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಆರ್ಕ್ (ವಿದ್ಯುತ್ ಜ್ವಾಲೆ) ಹೊತ್ತಿಸಿ ಮಾಡುವ ಟಿಗ್ ವೆಲ್ಡಿಂಗ್ ಬಗ್ಗೆ ‘ಟಿಗ್‌ನಲ್ಲಿ ಬಿಸಿ ಜಾಸ್ತಿ’ ಅನ್ನುವ ಮಾತಿದೆ. ಎಷ್ಟು ಡಿಗ್ರಿ ಅಂತಲೋ, ಒಟ್ಟು ಎಷ್ಟು ಶಾಖ ಒಳಗೆ ಹೋಯಿತು ಅಂತಲೋ? ಒಂದೂವರೆ ಮಿಲಿಮೀಟರ್ ತಗಡಿಗೆ ಎರಡನೆಯದೇ ಮುಖ್ಯ. ಟಿಗ್‌ನಲ್ಲಿ ಕೈ ಹಿಡಿತ ಚೆನ್ನಾಗಿರುತ್ತದೆ, ಆರ್ಕನ್ನು ದಪ್ಪ ಸೆಕ್ಷನ್ ಕಡೆಗೆ ವಾಲಿಸಿ ತಗಡಿಗೆ ತೂತು ಬೀಳದಂತೆ ನೋಡಿಕೊಳ್ಳಬಹುದು. ಆದರೆ ಕೆಲಸ ನಿಧಾನ. ಉದ್ದದ ಜೋಡಣೆಯಾದರೆ ಶಾಖ ಹರಡಿ ತಗಡು ಅಲೆ ಏಳುತ್ತದೆ. ಅಲ್ಲಿ ಪಲ್ಸ್ ಮಿಗ್ (ಕರೆಂಟನ್ನು ಏರಿಳಿಸುತ್ತಾ ತಂತಿಯನ್ನೇ ಕರಗಿಸಿ ಹಾಕುವ ವೆಲ್ಡಿಂಗ್) ಬೇಗ ಸಾಗುತ್ತದೆ; ಬಿಟ್ಟು ಬಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಪಠ್ಯಪುಸ್ತಕದ ‘ಉಷ್ಣ’, ‘ತಾಪ’ ಬರೆದರೆ ಕಲಿಯುವವರು ಎರಡನ್ನೂ ಒಂದೇ ಅಂತ ಓದುತ್ತಾರೆ. ನಾನು ‘ತಗಡು ಕುಡಿದ ಶಾಖ’ ಅಂತ ಬರೆದಿದ್ದೇನೆ. ತುಂಬಾ ಸಡಿಲವಾಯಿತೇ?

ಮೂರನೆಯದರ ಬಗ್ಗೆ ನನಗೆ ಹೆಚ್ಚು ಅನುಮಾನವಿಲ್ಲ. ಸೆಕ್ಷನ್ ಮೇಲೆ ಟಿ6 ಅಂತ ಬರೆದಿರುತ್ತದಲ್ಲ, ಆ ಟೆಂಪರ್‌ಗೆ ‘ಹದ’ ಅನ್ನಬಹುದು. ಬಿಸಿ ಮಾಡಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ತಂದ ಬಲ ಅದು. ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಈ ಹದ ಹೋಗಿ, ಬಲ ಅರ್ಧದಷ್ಟು ಕುಗ್ಗಬಹುದು. ಅದಕ್ಕೇ ಭಾರ ಹೊರುವ ಕಡೆ ರಿವೆಟ್ ಅಥವಾ ಅಂಟನ್ನೂ ಯೋಚಿಸಿ ಅಂತ ಕೈಪಿಡಿಯಲ್ಲಿ ಸೇರಿಸಿದ್ದೇನೆ. ‘ಹದ ಹೋಯಿತು’ ಅಂದರೆ ವಿವರಣೆ ಇಲ್ಲದೆಯೇ ಅರ್ಥವಾಗುತ್ತದೆ.

ಉಳಿದದ್ದು ಬ್ರೇಜಿಂಗ್. ಬಿಳಿಗಾರ ಹಚ್ಚಿ, ಬೇಗ ಕರಗುವ ಮಿಶ್ರಲೋಹವನ್ನು ಸಂದಿಗೆ ಹರಿಸುವ ಚಿನ್ನದ ಕೆಲಸವೂ ಇದೇ ಜಾತಿಯದು. ಆ ಕೆಲಸದವರು ‘ಬೆಸುಗೆ’ ಬಿಟ್ಟು ಬೇರೆ ಪದ, ಅದರಲ್ಲೂ ಕ್ರಿಯಾಪದ, ಬಳಸುವುದನ್ನು ಯಾರಾದರೂ ಕೇಳಿದ್ದೀರಾ? ಇದ್ದರೆ ಅದು ಬರುವ ಒಂದು ಪೂರ್ತಿ ವಾಕ್ಯವನ್ನೇ, ಅವರು ಹೇಳುವ ಹಾಗೇ ಬರೆದು ತಿಳಿಸಿ.