ಎಲ್ಲ ಜೋಕರ್‌ಗಳೂ ಒಂದೇ ಥರ ಕಾಣ್ತೀವಿ, ನನ್ನದೇ ಶೈಲಿ ಹೇಗೆ ಹುಡುಕಲಿ?

ನವನಗರದವ:
ನಾನು ಬಾಗಲಕೋಟೆಯ ನವನಗರದವನು. ಎರಡು ವರ್ಷದಿಂದ ಬರ್ತ್‌ಡೇ, ಜವಳ, ತೊಟ್ಟಿಲ ಕಾರ್ಯಕ್ರಮಗಳಿಗೆ ಜೋಕರ್ ಆಗಿ ಹೋಗುತ್ತಿದ್ದೇನೆ. ಮುಖಕ್ಕೆ ಪೂರ್ತಿ ಬಿಳಿ ಬಣ್ಣ, ಕೆಂಪು ಮೂಗು, ಏಳು ಬಣ್ಣದ ವಿಗ್, ಎಲ್ಲ ಆನ್‌ಲೈನ್‌ನಲ್ಲಿ ತರಿಸಿದ್ದು. 260 ನಂಬರಿನ ಉದ್ದ ಬಲೂನಿನಲ್ಲಿ ನಾಯಿ, ಕತ್ತಿ ಮಾಡಿಕೊಡುತ್ತೇನೆ. ಹಾಡಿಗೆ ಕುಣಿಯುತ್ತೇನೆ. ಅದೂ ವಿಡಿಯೋ ನೋಡಿ ಕಲಿತದ್ದೇ.

ಮೊನ್ನೆ ಇಳಕಲ್ಲಿನಲ್ಲಿ ಒಬ್ಬ ಹಿರಿಯರು "ಹ್ವಾದ ವಾರ ನಮ್ಮ ಅಳಿಯನ ಮನಿಗೆ ಬಂದಾವ್ರು ನೀವ ಅಲ್ಲೇನ್ರಿ?" ಅಂದರು. ಅದು ನಾನಲ್ಲ, ಬೇರೆ ಯಾರೋ. ಮನಸ್ಸಿಗೆ ಬಹಳ ನಾಟಿತು. ಅದೇ ದಿನ ಕರೆಂಟ್ ಬೇರೆ ಹೋಯಿತು, ಹಾಡಿಲ್ಲ, ಮೈಕಿಲ್ಲ. ಸ್ಪೀಕರಿಗೆ ಏನಾಯಿತು ಅಂತ ನೋಡಲು ಹೋದರೆ ಕಾಲು ಬಕೆಟ್ಟಿನಲ್ಲಿ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಲು ಬಗ್ಗಿದರೆ ತೋಳು ಅದರ ಹಿಡಿಕೆಯಲ್ಲಿ ಸಿಕ್ಕಿತು. ಹುಡುಗರು ನಗುತ್ತಲೇ ಇದ್ದರು. ಹತ್ತು ನಿಮಿಷ ಹಾಗೇ ಹೋಯಿತು, ಕರೆಂಟ್ ಬಂದ ಮೇಲೆ ಮತ್ತೆ ಡ್ಯಾನ್ಸ್ ಶುರು ಮಾಡಿದೆ.

ಇನ್ನೊಂದು ವಿಷಯ. ಎರಡು ಮೂರು ವರ್ಷದ ಮಕ್ಕಳು ನನ್ನನ್ನು ಕಂಡರೆ ಅಳುತ್ತವೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಶಹಾಪುರದ ಕಾಕಾ (ಬೆಳಗಾವಿ):
ತಮ್ಮಾ, ಆ ಬಕೆಟ್ಟನ್ನು ಬಿಟ್ಟು ಮತ್ತೆ ಡ್ಯಾನ್ಸ್ ಶುರು ಮಾಡಿದೆ ಅಂತ ಓದಿ ಹೊಟ್ಟೆ ಚುರ್ ಅಂತು. ಹಾಡಿಲ್ಲದೆ, ಮೈಕಿಲ್ಲದೆ ಹತ್ತು ನಿಮಿಷ ನಕ್ಕಿದ್ದಾರೆ ಮಕ್ಕಳು! ನೀನು ಹುಡುಕುತ್ತಿರುವುದು ಅಲ್ಲೇ ಇದೆ.

ಸರ್ಕಸ್ಸಿನವರಲ್ಲಿ ಒಂದು ಹಳೆಯ ಲೆಕ್ಕ ಇದೆ, ಜೋಕರ್‌ಗಳಲ್ಲಿ ಮೂರು ಥರ. ಮುಖಕ್ಕೆಲ್ಲ ಬಿಳಿ ಬಳಿದುಕೊಂಡವನು ಜಾಣ, ಜೋರು ಮಾಡುವವನು. ಲಂಡನ್ನಿನಲ್ಲಿ ಈ ಬಿಳಿ ಮುಖಕ್ಕೆ ಹೆಸರು ತಂದವನು ಜೋಸೆಫ್ ಗ್ರಿಮಾಲ್ಡಿ, 1837ರಲ್ಲಿ ತೀರಿಕೊಂಡ, ಇವತ್ತಿಗೂ ಜೋಕರ್‌ಗಳನ್ನು ಅವನ ಹೆಸರಿನಿಂದ ಜೋಯಿ ಅಂತ ಕರೆಯುತ್ತಾರೆ. ಎರಡನೆಯವನಿಗೆ ಆಗಸ್ಟ್ ಅಂತ ಹೆಸರು, ಕೆಂಪು ಮೂಗಿನವನು, ಕೈ ಹಾಕಿದ್ದೆಲ್ಲ ಎಡವಟ್ಟು. ಮೂರನೆಯವನು ಹರಕು ಕೋಟಿನ ಅಲೆಮಾರಿ. ನಿನ್ನ ಸ್ವಭಾವ ಎರಡನೆಯವನದು, ಬಳಿದುಕೊಂಡಿರುವುದು ಮೊದಲನೆಯವನ ಮುಖ.

ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಅಭ್ಯಾಸ ಮಾಡು. ಮೊದಲ ಸಲ ಕಾಲು ಸಿಗಲಿ. ಎರಡನೇ ಸಲ ಹುಷಾರಾಗಿ ದಾಟು, ಮಕ್ಕಳು ಉಸಿರು ಹಿಡಿದು ನೋಡ್ತಾರೆ. ಮೂರನೇ ಸಲ ದಾಟಿ, ಗೆದ್ದೆ ಅಂತ ತಿರುಗುವಾಗ ಇನ್ನೊಂದು ಕಾಲು ಸಿಗಲಿ. ಆ ಹೊತ್ತಿನಲ್ಲಿ ಕಾಲು ನೋಡಿಕೊಳ್ಳಬೇಡ, ಮಕ್ಕಳ ಮುಖ ನೋಡು. ನಿನಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗಬೇಕು, "ಮಾಮಾ, ಹಿಂದ ಐತಿ ನೋಡ್ರಿ!" ಅಂತ ಕೂಗಬೇಕು. ನಾನು ಇದೊಂದನ್ನು ಕಲಿಯಲು ಮೂರು ವರ್ಷ ತೆಗೆದುಕೊಂಡೆ.

ಬಾದಾಮಿ ಕಡೆಯವ:
ಕಾಕಾ ಹೇಳಿದ್ದು ಖರೆ. ಅಣ್ಣಾ, ವಿಡಿಯೋ ನೋಡೋದು ಸ್ವಲ್ಪ ನಿಲ್ಲಿಸಿ, ಬನಶಂಕರಿ ಜಾತ್ರೆಗೆ ಬನ್ನಿ. ಕಂಪನಿ ನಾಟಕದವರು ಸಾಲಾಗಿ ಟೆಂಟ್ ಹಾಕಿರುತ್ತಾರೆ. ಹಾಸ್ಯ ಪಾತ್ರದವರು ಹೇಗೆ ಒಳಗೆ ಬರುತ್ತಾರೆ ಅಂತ ನೋಡಿ. ನಾನು ನೋಡಿದ ಒಬ್ಬರು ಬಂದು ಸುಮ್ನೆ ನಿಂತರು, ಪಂಚೆ ಸರಿ ಮಾಡಿಕೊಂಡರು, ಜನರನ್ನು ಒಂದು ಸಲ ನೋಡಿದರು, ಅಷ್ಟಕ್ಕೇ ಟೆಂಟೆಲ್ಲ ನಗು. ಅವರ ನಡಿಗೆ ನೋಡಿದರೆ ಸಾಕು, ಇಂಥವರೇ ಅಂತ ಗೊತ್ತಾಗುತ್ತಿತ್ತು.

ಡ್ರೆಸ್ಸಿನ ಬಗ್ಗೆ ಒಂದು ಮಾತು. ಗುಳೇದಗುಡ್ಡ ನಮ್ಮ ಜಿಲ್ಲೆಯಲ್ಲೇ ಇದೆ, ಖಣದ ಬಟ್ಟೆಯಲ್ಲಿ ಒಂದು ವೇಸ್ಟ್‌ಕೋಟ್ ಹೊಲಿಸಿ. ಅಜ್ಜಿಯಂದಿರು ಕುಪ್ಪಸಕ್ಕೆ ಹಾಕುವ ಬಟ್ಟೆ ಜೋಕರ್ ಮೈಮೇಲೆ ಕಂಡರೆ ಹಿರಿಯರೂ ಕಿರಿಯರೂ ಎದ್ದು ಕೂರುತ್ತಾರೆ. ಮಕ್ಕಳನ್ನು "ಹಾಯ್ ಕಿಡ್ಸ್" ಅನ್ನಬೇಡಿ, ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿ.

ಅಂಗನವಾಡಿ ಟೀಚರ್, ವಿಜಯಪುರ:
ಸಣ್ಣ ಮಕ್ಕಳು ಅಳುವ ಬಗ್ಗೆ ಹೇಳುತ್ತೇನೆ. ಮುಖ ಪೂರ್ತಿ ಮುಚ್ಚಿದರೆ ಆ ವಯಸ್ಸಿನವರಿಗೆ ಇದು ಮನುಷ್ಯರ ಮುಖ ಅಂತಲೇ ಅನಿಸಲ್ಲ. ನಮ್ಮ ಕೇಂದ್ರಕ್ಕೆ ಜೋಕರ್ ಆಗಿ ಬಂದಿದ್ದ ಒಬ್ಬ ಹುಡುಗ ಒಳ್ಳೆಯ ಕೆಲಸ ಮಾಡಿದ. ಬರೀ ಮುಖದಲ್ಲೇ ಬಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತ, ಮಕ್ಕಳ ಎದುರಿಗೇ ಕೆಂಪು ಮೂಗು ಹಾಕಿಕೊಂಡ, ತೆಗೆದ, ಮತ್ತೆ ಹಾಕಿದ. ದೂರ ಕೂತಿದ್ದ ಒಂದು ಹುಡುಗಿ ತಾನೇ ತೆವಳಿಕೊಂಡು ಬಂದು ಆ ಮೂಗು ಒತ್ತಿ ನೋಡಿದಳು. ಮಗು ಬೇಡ ಅಂದರೆ ತಾಯಿ ಎಷ್ಟೇ ಫೋಟೋ ಕೇಳಿದರೂ ಎತ್ತಿಕೊಳ್ಳಬೇಡಿ. ಬಲೂನು ಒಡೆದರೆ ಚೂರುಗಳನ್ನು ಕೂಡಲೇ ಆರಿಸಿಕೊಳ್ಳಿ, ಸಣ್ಣವರು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಇದು ಜೀವದ ಪ್ರಶ್ನೆ.

ನವನಗರದವ:
ಎಲ್ಲರಿಗೂ ಧನ್ಯವಾದ. ಭಾನುವಾರ ನನ್ನ ಅಕ್ಕನ ಮಗನ ಬರ್ತ್‌ಡೇಗೆ ವಿಗ್ ಇಲ್ಲದೆ ಹೋದೆ. ಮೂಗನ್ನು ಅಲ್ಲೇ ಹಾಕಿಕೊಂಡೆ, ಕೆನ್ನೆಗೆ ಮಾತ್ರ ಸ್ವಲ್ಪ ಬಣ್ಣ. ಒಂದೇ ಮಗು ಅತ್ತಿತು, ಅದೂ ಹಸಿವಿಗೆ. ಬಕೆಟ್ ಆಟದಲ್ಲಿ ಎರಡನೇ ಸಲ ನಾನು ಅವಸರ ಮಾಡಿದೆ, ಅಲ್ಲಿ ನಗು ಬರಲಿಲ್ಲ, ಮೂರನೆಯದಕ್ಕೆ ಬಂತು. ಹೊರಡುವಾಗ ಪಕ್ಕದ ಮನೆಯ ಹುಡುಗನೊಬ್ಬ "ಬಕೆಟ್ ಮಾಮಾ, ನಮ್ಮ ಮನಿಗೂ ಬರ್ರಿ" ಅಂದ. ಖಣದ್ದು ಹೊಲಿಸಬೇಕು, ಯಾವ ಬಣ್ಣ ತಗೊಳ್ಳಲಿ?

ಬಾದಾಮಿ ಕಡೆಯವ:
ಗಾಢ ಕೆಂಪು ಇಲ್ಲಾ ಹಸಿರು. ಒಳಗೆ ಹತ್ತಿಯ ಲೈನಿಂಗ್ ಹಾಕಿಸಿ ಅಣ್ಣಾ, ಏಪ್ರಿಲ್‌ನಲ್ಲಿ ಬೆವರು ಹೀರಿಕೊಳ್ಳುತ್ತದೆ.