ಭಾವನಿಗೆ ಜೀವಾವಧಿ ಆಗಿದೆ, ಮುಂದೆ ಎಲ್ಲಿಗೆ ಹೋಗಬೇಕು?

ಹೋದ ತಿಂಗಳು ಬೆಂಗಳೂರಿನ ಸೆಷನ್ಸ್ ಕೋರ್ಟ್‌ನಲ್ಲಿ ನಮ್ಮ ಭಾವನಿಗೆ 302ರ (ಕೊಲೆ) ಕೇಸಿನಲ್ಲಿ ಜೀವಾವಧಿ ಆಯಿತು. ಈಗ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದಾರೆ. ಅಕ್ಕ ಒಡವೆಯನ್ನೆಲ್ಲ ಆಗಲೇ ಅಡ ಇಟ್ಟಾಗಿದೆ. ಒಬ್ಬರು ನೇರವಾಗಿ ಸುಪ್ರೀಂ ಕೋರ್ಟ್‌ಗೆ ಹಾಕಿಸ್ತೀನಿ ಅಂತ ದುಡ್ಡು ಕೇಳುತ್ತಿದ್ದಾರೆ, ಇನ್ನೊಬ್ಬರು ರಾಜ್ಯಪಾಲರಿಗೆ ಅರ್ಜಿ ಬರೆಯಿರಿ ಅನ್ನುತ್ತಾರೆ. ಯಾವುದನ್ನು ನಂಬೋದು?

ಬಸವನಗುಡಿ ವಕೀಲ
ಎರಡೂ ಬೇಡ. ಮೊದಲು ಹೈಕೋರ್ಟ್. ಇದು ಹಕ್ಕಿನ ಅಪೀಲು, ಯಾರ ಅನುಮತಿಯೂ ಬೇಕಿಲ್ಲ. ಇಬ್ಬರು ಜಡ್ಜ್‌ಗಳು ಕೂತು ಸಾಕ್ಷಿಗಳ ಹೇಳಿಕೆಯನ್ನೆಲ್ಲ ಹೊಸದಾಗಿ ಓದಿ ನೋಡುತ್ತಾರೆ, ಸುಪ್ರೀಂ ಕೋರ್ಟ್‌ನಲ್ಲಿ ಅಷ್ಟು ಆಳಕ್ಕೆ ಇಳಿಯೋದು ಅಪರೂಪ. ಟೈಮ್ 60 ದಿನ, ತೀರ್ಪಿನ ಸರ್ಟಿಫೈಡ್ ಕಾಪಿ ಸಿಗಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕ ಹಿಡಿಯಲ್ಲ. ಆರೋಪಿಗೆ ಕಾಪಿ ಉಚಿತ, ಕೇಳಿ ತೆಗೆದುಕೊಳ್ಳಿ. ತಡವಾದರೆ ಕಾರಣ ಬರೆದು, ಮನ್ನಿಸಿ ಅಂತ ಇನ್ನೊಂದು ಅರ್ಜಿ ಹಾಕಬೇಕು.

ರಾಜ್ಯಪಾಲರದ್ದು ಸಂವಿಧಾನದ 161ನೇ ವಿಧಿ. ಅಲ್ಲಿ ಕೇಳೋದು ಕ್ಷಮೆ, ತೀರ್ಪು ತಪ್ಪು ಅನ್ನುವ ವಾದಕ್ಕೆ ಜಾಗ ಹೈಕೋರ್ಟೇ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್ ಸರ್. ಅಪೀಲು ಹಾಕಿದ ತಕ್ಷಣ ಹೊರಗೆ ಬರುತ್ತಾರಾ?

ಬಸವನಗುಡಿ ವಕೀಲ
ಇಲ್ಲ. ಶಿಕ್ಷೆ ಅಮಾನತಿಗೆ, ಅಂದರೆ ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆದು ಜಾಮೀನು ಕೊಡಲು, ಬೇರೆ ಅರ್ಜಿ ಬೇಕು, ಕ್ರಿಮಿನಲ್ ಕೇಸು ನಡೆಸುವ ಕಾನೂನಿನಲ್ಲಿ ಹಳೆ ಸಿಆರ್‌ಪಿಸಿಯ ಸೆಕ್ಷನ್ 389, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 430. ಜೀವಾವಧಿ ಆದ್ದರಿಂದ ಸರ್ಕಾರಿ ವಕೀಲರಿಗೆ ಲಿಖಿತ ಆಕ್ಷೇಪಣೆ ಹಾಕಲು ಅವಕಾಶ ಕೊಟ್ಟೇ ತೀರ್ಮಾನ. ಕೊಲೆ ಕೇಸಲ್ಲಿ ಇದು ಸುಲಭವಲ್ಲ, ತೀರ್ಪಿನಲ್ಲಿ ಎದ್ದು ಕಾಣುವ ದೋಷ ಇರಬೇಕು. ತಿಂಗಳೊಳಗೆ ಬಿಡಿಸ್ತೀನಿ ಅನ್ನುವವರಿಗೆ ಕೈ ಮುಗಿದು ಕಳಿಸಿಬಿಡಿ.

ಶೋಭಕ್ಕ
ದುಡ್ಡಿಲ್ಲ ಅಂದಿರಲ್ಲ, ಅದಕ್ಕೆ ಹೇಳ್ತೀನಿ. ಜೈಲಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಹೋಗಿ. ನಿಮ್ಮ ಭಾವ ಜೈಲು ಅಧಿಕಾರಿಗಳ ಕೈಯಲ್ಲೇ ಅಪೀಲು ಕೊಡಬಹುದು, ಅವರು ಕೋರ್ಟ್‌ಗೆ ಕಳಿಸಲೇಬೇಕು.

ಮಲ್ಲೇಶ್ವರದವ
ಸುಮ್ನೆ ಹೇಳ್ತೀನಿ ಅಂದುಕೊಳ್ಳಬೇಡಿ, ಫ್ರೀ ವಕೀಲರು ಅಂದರೆ ಕಾಟಾಚಾರ ಅಲ್ವಾ?

ಶೋಭಕ್ಕ
ಕೆಲವರು ಹಾಗೇ, ಕೆಲವರು ತುಂಬಾ ಚೆನ್ನಾಗಿ ನಡೆಸುತ್ತಾರೆ. ಸರಿ ಹೋಗದಿದ್ದರೆ ಬೇರೆಯವರನ್ನು ಕೊಡಿ ಅಂತ ಸಮಿತಿಗೇ ಬರೆದು ಕೇಳಬಹುದು. ಹಳೆ ವಕೀಲರಿಂದ ಸಾಕ್ಷಿಗಳ ಹೇಳಿಕೆ, ಪಾಟಿಸವಾಲಿನ ಪ್ರತಿಗಳನ್ನೆಲ್ಲ ಈ ವಾರವೇ ಇಸ್ಕೊಳ್ಳಿ. ಹೊಸಬರು ಮೊದಲು ಕೇಳೋದೇ ಅದು.